ಮೂವತ್ತನಾಲ್ಕು ವೋಲ್ಟು

ಆ ಕಂಪ್ಯೂಟರಿಗೆ ನಾನು ಹಾಕಿದ ಒಂದೊಂದು ಭಾಗವೂ ಸರಿಯಾಗಿಯೇ ಇತ್ತು. ಈಗಲೂ ಯಾರು ಬೇಕಾದರೂ ಬಿಚ್ಚಿ ನೋಡಲಿ, ಒಂದು ಸ್ಕ್ರೂ ಕೂಡ ಹೆಚ್ಚುಕಡಿಮೆ ಸಿಗುವುದಿಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಕೈಕೆಲಸ ಚೆನ್ನಾಗಿ ಬಲ್ಲವನೊಬ್ಬ ಬಾಯಿ ಬಿಡದೆ ಕೂತು ಇನ್ನೊಬ್ಬರ ಅವಕಾಶವನ್ನು ಹೇಗೆ ಹಾಳು ಮಾಡಬಲ್ಲ ಎಂದು ಹೇಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಮಧುಗಿರಿಯ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನದು ರಿಪೇರಿ ಅಂಗಡಿ. ಪಂಚಾಯಿತಿಯ ಪ್ರಿಂಟರು, ಜೆರಾಕ್ಸ್ ಅಂಗಡಿಯವರ ಹಳೇ ಡಬ್ಬ, ಮೇಷ್ಟರ ಲ್ಯಾಪ್‌ಟಾಪು, ಇಂಥವುಗಳಲ್ಲೇ ದಿನ ಕಳೆಯುತ್ತದೆ. ಆಟಕ್ಕೆಂದೇ ದೊಡ್ಡ ಯಂತ್ರ ಕಟ್ಟಿಸುವವರು ವರ್ಷಕ್ಕೆ ಒಬ್ಬಿಬ್ಬರು ಬಂದರೆ ಹೆಚ್ಚು. ಹಾಗಾಗಿ ಬೇಸಿಗೆ ಶುರುವಾಗುವ ಹೊತ್ತಿಗೆ ನನ್ನ ಗೆಳೆಯನೊಬ್ಬ ತನ್ನ ತಂಗಿಯನ್ನು ಕರೆದುಕೊಂಡು ಬಂದು, "ಇವ್ಳಿಗೆ ಗೇಮಿಂಗ್ ಕಂಪ್ಯೂಟ್ರು ಬೇಕಂತೆ ಕಣ್ಲಾ, ಎಂಥಾದ್ದು ಹಾಕ್ಬೇಕು ನೀನೇ ನೋಡು" ಅಂದಾಗ ನನಗೆ ನಿಜಕ್ಕೂ ಖುಷಿಯಾಯಿತು.

ಗೆಳೆಯ ದೊಡ್ಡೇರಿ ಹೋಬಳಿಯ ವೈರ್‌ಮನ್. ಮೋಟಾರ್ ಕಾಯಿಲ್ ಕಟ್ಟುವುದು, ಬೋರ್‌ವೆಲ್ ಸ್ಟಾರ್ಟರ್ ಕೂರಿಸುವುದು, ಮನೆ ವೈರಿಂಗ್, ಎಲ್ಲವೂ ಅವನೇ. ಆ ಕಡೆ ಅವನು ವೈರ್ ಎಳೆಯದ ಮನೆ ಕಡಿಮೆ. ನನ್ನ ಅಂಗಡಿಯ ಮೀಟರ್ ಬೋರ್ಡು ಸುಟ್ಟ ದಿನ ಬೇರೆ ಕೆಲಸ ಬಿಟ್ಟು ಓಡಿ ಬಂದು ಅರ್ಧ ದಿನದಲ್ಲಿ ಸರಿಮಾಡಿ, ಕಾಫಿ ಮಾತ್ರ ಕುಡಿದು ಹೋದವನು. ಹತ್ತು ವರ್ಷದಿಂದ ಅವನು ನನಗೆ ಗಿರಾಕಿ ಕಳಿಸುತ್ತಾನೆ, ನಾನು ಅವನಿಗೆ ಕಳಿಸುತ್ತೇನೆ.

ತಂಗಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಇರಬೇಕು. ಅಪ್ಪ ಕುರಿ ಸಾಕುವವರು. ಹುಡುಗಿ ಬಿ.ಕಾಂ. ಮುಗಿಸಿ ಮೂರು ವರ್ಷ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿದಿದ್ದಳು. ಸಂಜೆ ಮನೆಗೆ ಬಂದು ಒಂದು ಹಳೇ ಕಂಪ್ಯೂಟರಿನಲ್ಲಿ ಐದು ಜನ ಕೂಡಿ ಆಡುವ ಶೂಟಿಂಗ್ ಆಟ ಆಡುತ್ತಿದ್ದಳು. ಆಟದಲ್ಲಿ ಅವಳ ಹೆಸರು ಹೇಗೋ ಬೆಂಗಳೂರಿನ ಒಂದು ಹೆಣ್ಣುಮಕ್ಕಳ ತಂಡದ ಕಣ್ಣಿಗೆ ಬಿದ್ದಿತ್ತು. ಅವರು ಆರು ವಾರದ ಪರೀಕ್ಷೆ ಇಟ್ಟಿದ್ದರು. ದಿನಾ ಸಂಜೆ ಆರರಿಂದ ಒಂಬತ್ತರವರೆಗೆ ಎಲ್ಲರೂ ತಂತಮ್ಮ ಮನೆಯಿಂದಲೇ ಕೂತು ಅಭ್ಯಾಸದ ಪಂದ್ಯ ಆಡಬೇಕು. ಎಂಟು ಜನರಲ್ಲಿ ಐದು ಜನ ಉಳಿಯುತ್ತಾರೆ, ಆ ಐವರಿಗೆ ತಿಂಗಳ ಸಂಬಳ. ಅದಕ್ಕೆಂದು ಅವಳು ಗಾರ್ಮೆಂಟ್ಸ್ ಬಿಟ್ಟು ಬಂದಿದ್ದಳು. ಆಗದಿದ್ದರೆ ಮತ್ತೆ ಅದೇ ಲೈನಿಗೆ ಹೋಗಿ ಕಾಲರ್ ಹೊಲಿಯುವುದು. ಯಂತ್ರಕ್ಕೆ ಹಾಕುವ ಹಣವೂ ಅವಳದೇ ದುಡಿಮೆ. ಇಷ್ಟನ್ನೂ ಅವಳೇ ಹೇಳಿದ್ದು, ಅಂಗಡಿಯ ಗೋಡೆಗೆ ಹಾಕಿದ್ದ ಬಣ್ಣದ ಲೈಟಿನ ಕಂಪ್ಯೂಟರ್ ಫ್ಯಾನುಗಳನ್ನು ಅಣ್ಣ ನೋಡುತ್ತಿದ್ದ ಹೊತ್ತಿನಲ್ಲಿ.

ಆಮೇಲೆ ನಾನು ಮಾತಾಡಿದ್ದೆಲ್ಲ ಅಣ್ಣನ ಜೊತೆ. ಪ್ರತಿ ಪ್ರಶ್ನೆಯನ್ನೂ ಅವನ ಮುಖ ನೋಡಿಯೇ ಕೇಳಿದೆ. ನಮ್ಮ ಕಡೆ ಅಂಗಡಿಗೆ ಹೆಣ್ಣುಮಕ್ಕಳ ಜೊತೆ ಗಂಡಸು ಬಂದರೆ ಹಾಗೆಯೇ ನಡೆಯುತ್ತದೆ, ಸೀರೆ ಅಂಗಡಿಯೊಂದನ್ನು ಬಿಟ್ಟು.

ಅವನು ಮೂರು ಫ್ಯಾನಿನ, ಮೊಳದುದ್ದದ ಗ್ರಾಫಿಕ್ಸ್ ಕಾರ್ಡಿನ ಚಿತ್ರಕ್ಕೆ ಬೆರಳಿಟ್ಟ. ದೊಡ್ಡದು ಮಾರಿದರೆ ಯಾರಿಗೆ ಬೇಡ, ನಾನೂ ತಲೆಯಾಡಿಸಿದೆ. ಹುಡುಗಿ ಬ್ಯಾಗಿನಿಂದ ನೋಟ್‌ಬುಕ್ಕಿನ ಹಾಳೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಪ್ರೊಸೆಸರ್, ಬೋರ್ಡು, ರ‍್ಯಾಮು, ಮಾನಿಟರು ಎಲ್ಲ ಒಂದರ ಕೆಳಗೊಂದು ಬರೆದಿದ್ದಳು. ಕಾರ್ಡಿನ ಸಾಲಿನಲ್ಲಿ ಮಧ್ಯಮ ದರ್ಜೆಯದ್ದು, ಪ್ರೊಸೆಸರಿನ ಸಾಲಿನಲ್ಲಿ ಮಾತ್ರ ತೀರಾ ಮೇಲಿನದು.

"ನಾನು ಎಲ್ಲಾ ಸೆಟ್ಟಿಂಗೂ ಕಮ್ಮಿ ಇಟ್ಕಂಡೇ ಆಡಾದು ಅಣ್ಣ. ಚಿತ್ರ ಚೆಂದ ಕಾಣಾದು ಬ್ಯಾಡ, ಮಧ್ಯದಲ್ಲಿ ತಡೀಬಾರ್ದು ಅಷ್ಟೇಯ" ಅಂದಳು ನನ್ನ ಕಡೆ ತಿರುಗಿ.

ಅವಳು ಹೇಳಿದ್ದು ಸರಿ. ಅಂಥ ಆಟದಲ್ಲಿ ಒಂದು ಸೆಕೆಂಡಿಗೆ ಎಷ್ಟು ಬಾರಿ ಪರದೆಯ ಚಿತ್ರ ಬದಲಾಗುತ್ತದೆ ಎನ್ನುವುದೇ ಮುಖ್ಯ. ಅದನ್ನು ಹೊರುವುದು ಹೆಚ್ಚಾಗಿ ಪ್ರೊಸೆಸರು, ಕಾರ್ಡಲ್ಲ. ಹೆಚ್ಚು ಕ್ಯಾಶ್ ಮೆಮೊರಿ ಇರುವ ಪ್ರೊಸೆಸರನ್ನೇ ಅವಳು ಬರೆದಿದ್ದಳು. ನಾನು ಒಪ್ಪಿಕೊಂಡೆ. ಆಮೇಲೆ ಒಂದು ಗಂಟೆ ಕೂತು ಉಳಿದದ್ದನ್ನು ಆರಿಸಿದೆವು. ಅವಳ ರೂಮು ಶೀಟಿನ ಮಾಡಿನದು, ಮಧ್ಯಾಹ್ನ ಒಳಗೆ ಕೂರಲಾಗದಷ್ಟು ಕಾವು ಎಂದಳು. ಹಾಗಾಗಿ ಕರೆಂಟು ಹಂಚುವ ಭಾಗದ ಮೇಲೆ ದಪ್ಪ ಅಲ್ಯೂಮಿನಿಯಂ ಹೊದಿಕೆ ಇರುವ ಬೋರ್ಡು. ನೀರಿನ ಕೂಲರ್ ಬೇಡ ಎಂದೆ, ಅದರ ಪಂಪು ಕೆಟ್ಟರೆ ಈ ತಾಲ್ಲೂಕಿನಲ್ಲಿ ಕೇಳುವವರಿಲ್ಲ. ಎರಡು ಗೋಪುರದ ಗಾಳಿ ಕೂಲರೇ ಇರಲಿ. ರ‍್ಯಾಮು ಒಂದೇ ದೊಡ್ಡದರ ಬದಲು ಜೋಡಿ. ಕ್ಯಾಬಿನೆಟ್ಟಿನ ಮುಂಭಾಗ ಜಾಲರಿಯದು, ಧೂಳಿಗೆ ತೊಳೆಯಬಹುದಾದ ಫಿಲ್ಟರು. ಅಣ್ಣನಿಗೆ ಒಳಗಿನದೆಲ್ಲ ಕಾಣಬೇಕಿತ್ತು, ಅವನ ಸಮಾಧಾನಕ್ಕೆ ಒಂದು ಪಕ್ಕ ಗಾಜಿರಲಿ ಎಂದೆ. ಪವರ್ ಸಪ್ಲೈ ಎಂಟುನೂರ ಐವತ್ತು ವ್ಯಾಟಿನ ಒಳ್ಳೆಯ ದರ್ಜೆಯದು, ಜೊತೆಗೆ ಒಂದು ಯು.ಪಿ.ಎಸ್.

ಹಾಳೆಯ ಕೊನೆಯ ಸಾಲು: ಮನೆ ಅರ್ತಿಂಗ್ ಚೆಕ್ ಮಾಡಿಸಬೇಕು. ಅಣ್ಣ ಅದನ್ನು ಓದಿ ನಕ್ಕ. ಅರ್ತಿಂಗ್ ಹಾಕಿರುವುದು ತಾನೇ, ಊರಿಗೆಲ್ಲ ಹಾಕುವವನು ತನ್ನ ಮನೆಗೆ ಹಾಕಿರುವುದಿಲ್ಲವೇ ಎಂದ. ನಾನೂ ನಕ್ಕು, ಕೈಯಲ್ಲಿದ್ದ ಪೆನ್ನಿನಿಂದ ಆ ಸಾಲಿನ ಮೇಲೆ ಗೀಟು ಎಳೆದೆ.

ಎರಡು ದಿನ ಬಿಟ್ಟು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಒಂದೊಂದು ಡಬ್ಬದ ಸೀಲು, ಸೀರಿಯಲ್ ನಂಬರು ನೋಡಿ ತಂದೆ. ವಾಪಸು ಬರುವಾಗ ಕೊರಟಗೆರೆ ದಾಟುವವರೆಗೂ ಬಸ್ಸಿನಲ್ಲಿ ಸೀಟು ಸಿಗಲಿಲ್ಲ, ಕಾರ್ಡಿನ ಡಬ್ಬವನ್ನು ಎದೆಗವಚಿ ನಿಂತೇ ಬಂದೆ. ಕಟ್ಟಿದ ಮೇಲೆ ಮೊದಲ ಸಲ ಪರದೆಯಲ್ಲಿ ಏನೂ ಬರಲಿಲ್ಲ. ಬೋರ್ಡಿನ ಒಳಗಿನ ಸಾಫ್ಟ್‌ವೇರು ಆ ಹೊಸ ಪ್ರೊಸೆಸರಿಗಿಂತ ಹಳೆಯದು. ಪೆನ್ ಡ್ರೈವಿಗೆ ಹೊಸದನ್ನು ಹಾಕಿ, ಬೋರ್ಡಿನ ಹಿಂದಿನ ಗುಂಡಿ ಒತ್ತಿ ಏರಿಸಿದೆ. ಆಮೇಲೆ ಎಲ್ಲ ಭಾಗಕ್ಕೂ ಪೂರ್ತಿ ಹೊರೆ ಕೊಟ್ಟು ಆರು ಗಂಟೆ ಓಡಿಸಿದೆ. ಶಾಖ ಎಪ್ಪತ್ತೆಂಟು ಡಿಗ್ರಿ ದಾಟಲಿಲ್ಲ, ಒಂದು ಸಲವೂ ಮುಗ್ಗರಿಸಲಿಲ್ಲ. ಇಷ್ಟು ಚೊಕ್ಕ ಕೆಲಸ ನಾನು ಅದಕ್ಕೆ ಮೊದಲು ಮಾಡಿರಲಿಲ್ಲ.

ಮನೆಯಲ್ಲಿ ಕೂರಿಸಿದ ದಿನ ಅಕ್ಕಪಕ್ಕದವರು, ಅಣ್ಣ ತಂಗಿಯ ಸೋದರಮಾವಂದಿರಿಬ್ಬರು, ಎಲ್ಲ ಸೇರಿದ್ದರು. ಅವ್ವ ಕ್ಯಾಬಿನೆಟ್ಟಿಗೆ ಕುಂಕುಮ ಇಟ್ಟರು. ನಾನು ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ನಿಂತಿದ್ದೆ. ಸಾರಿಸಿದ ನೆಲ ಇನ್ನೂ ತೇವವಾಗಿತ್ತು. ಪವರ್ ಹಾಕಿ, ಮಾನಿಟರಿನ ಕೇಬಲ್ ಸಿಕ್ಕಿಸಲು ಕ್ಯಾಬಿನೆಟ್ ಹಿಡಿದರೆ ಕೈ ಜುಮ್ಮೆಂದಿತು.

ಮೀಟರು ತೆಗೆದೆ. ಪ್ಲಗ್ಗಿನಲ್ಲಿ ವೋಲ್ಟೇಜು ಸರಿಯಾಗಿತ್ತು. ನ್ಯೂಟ್ರಲ್ಲಿಗೂ ಅರ್ತಿಗೂ ನಡುವೆ ಸೊನ್ನೆ. ಹಳ್ಳಿಮನೆಯಲ್ಲಿ ಅಷ್ಟು ಚೊಕ್ಕ ಸೊನ್ನೆ ಬರುವುದಿಲ್ಲ. ಪ್ಲಗ್ ಬಿಚ್ಚಿ ನೋಡಿದರೆ ಅರ್ತ್ ಪಿನ್ನಿಗೂ ನ್ಯೂಟ್ರಲ್ಲಿಗೂ ಒಂದು ತುಂಡು ವೈರು ಕಟ್ಟಿತ್ತು. ಹೊರಗೆ ಹೋಗಿ ನೋಡಿದೆ. ಕಂಬದಿಂದ ಬಂದ ನ್ಯೂಟ್ರಲ್ ತಂತಿಯನ್ನು, ಅಂದರೆ ಕರೆಂಟು ವಾಪಸು ಹೋಗಬೇಕಾದ ತಂತಿಯನ್ನು, ಬಿಚ್ಚಿ ಸುತ್ತಿಟ್ಟಿತ್ತು. ಅದರ ಬದಲು ಬಚ್ಚಲ ನೀರು ಹರಿದು ಇಂಗುವ ಕಡೆ ನೆಲಕ್ಕೆ ಒಂದು ಪೈಪು ಹೊಡೆದು, ಮನೆಯ ನ್ಯೂಟ್ರಲನ್ನು ಅದಕ್ಕೆ ಕಟ್ಟಿತ್ತು.

ನಮ್ಮ ಸೀಮೆಯಲ್ಲಿ ಇದು ಹೊಸದೇನಲ್ಲ. ಕಂಬದ ನ್ಯೂಟ್ರಲ್ ಸಡಿಲವಾದರೆ ಲೈನ್‌ಮನ್ ಬರುವ ತನಕ ಯಾರು ಕಾಯುತ್ತಾರೆ? ಒದ್ದೆ ನೆಲಕ್ಕೆ ಪೈಪು ಹೊಡೆದರೆ ಕರೆಂಟು ಭೂಮಿಯಲ್ಲೇ ವಾಪಸು ಹೋಗುತ್ತದೆ. ಬಲ್ಬು ಉರಿಯುತ್ತದೆ, ಫ್ಯಾನು ತಿರುಗುತ್ತದೆ, ಮಿಕ್ಸಿಯೂ ಓಡುತ್ತದೆ. ಆದರೆ ನೆಲದ ತೇವ ಏರಿಳಿದ ಹಾಗೆ ವೋಲ್ಟೇಜೂ ಏರಿಳಿಯುತ್ತದೆ, ಅರ್ತಿಗೆ ಸೇರಿದ ತಗಡಿನ ಮೈಯಲ್ಲೆಲ್ಲ ಕರೆಂಟು ನಿಲ್ಲುತ್ತದೆ. ಕಿಟಕಿಯ ಹೊರಗೆ ಹಾರೆಯೊಂದನ್ನು ಒದ್ದೆ ಮಣ್ಣಿಗೆ ಚುಚ್ಚಿ, ಒಳಗೆ ಬಂದು ಕಿಟಕಿಯಿಂದ ಮೀಟರಿನ ಒಂದು ತುದಿ ಅದಕ್ಕೆ, ಇನ್ನೊಂದನ್ನು ಕ್ಯಾಬಿನೆಟ್ಟಿಗೆ ಹಿಡಿದೆ. ಸೊನ್ನೆ ಇರಬೇಕಾದಲ್ಲಿ ಮೂವತ್ತನಾಲ್ಕು ವೋಲ್ಟು ತೋರಿಸಿತು.

ಸರಿಯಾಗಿ ಆಗಲೇ ಅಣ್ಣ ಮಾವಂದಿರನ್ನು ಕರೆದುಕೊಂಡು ಒಳಗೆ ಬಂದ. ನನ್ನ ಕೈಯಲ್ಲಿ ಮೀಟರು ಕಂಡು ಅವನ ಮುಖ ಅರಳಿತು.

"ಹೆಂಗೈತೆ ನನ್ ವೈರಿಂಗು? ಇವ್ರಿಗೂ ಒಸಿ ಹೇಳಪ್ಪ" ಅಂದ.

"ಚೆನ್ನಾಗೈತೆ ಬುಡು" ಅಂದೆ. ಅಂದು ಮೀಟರ್ ಆರಿಸಿದೆ.

ಆ ಮಾತಿಗೆ ಹೆಸರು ದಾಕ್ಷಿಣ್ಯ. ನಾನು ಅದನ್ನು ಒಳ್ಳೆಯ ಗುಣ ಎಂದೇ ತಿಳಿದು ಬೆಳೆದವನು. ಗೆಳೆಯನ ಮಾನವನ್ನು ಅವನ ನೆಂಟರ ಮುಂದೆ ಕಳೆಯಬಾರದು, ಆಮೇಲೆ ಒಬ್ಬನೇ ಸಿಕ್ಕಾಗ ನಿಧಾನಕ್ಕೆ ಹೇಳಿದರಾಯಿತು ಎಂದುಕೊಂಡೆ. ಒಬ್ಬನೇ ಅವನು ಆ ವಾರ ಮೂರು ಸಲ ಸಿಕ್ಕ, ಒಂದು ಸಲ ನನ್ನ ಅಂಗಡಿಯಲ್ಲೇ ಕೂತು ಟೀ ಕುಡಿದ. ಹೇಳಲಿಲ್ಲ. ಹುಡುಗಿಗೆ ಮಾತ್ರ, ಕಾಲ ಕೆಳಗೆ ರಬ್ಬರ್ ಮ್ಯಾಟ್ ಹಾಕಿಕೋ, ಆಡುವಾಗ ಚಪ್ಪಲಿ ಬಿಚ್ಚಬೇಡ ಎಂದು ಹೇಳಿ ಬಂದಿದ್ದೆ. ಯಾಕೆಂದು ಕೇಳಿದಳು. ಹಾಗೆ ಇರುವುದು ಒಳ್ಳೆಯದು ಎಂದೆ.

ಹತ್ತು ದಿನ ಏನೂ ಆಗಲಿಲ್ಲ. ತಂಡದ ಕೋಚ್ ಒಬ್ಬ ಹೆಂಗಸು, ಅವರು ಹುಡುಗಿಯನ್ನು ಹೊಗಳಿದರಂತೆ. ಅದನ್ನು ಹೇಳಲು ಅವಳು ಫೋನ್ ಮಾಡಿದಾಗ ನನ್ನ ಎದೆಯ ಭಾರವೂ ಅರ್ಧ ಇಳಿಯಿತು. ಎರಡನೇ ವಾರದ ಕೊನೆಗೆ ಅಪ್ಪ ಅವ್ವ ಇಬ್ಬರೂ ಕುರಿ ಹೊಡೆದುಕೊಂಡು ಮೇವಿಗೆ ಸಿರಾ ಕಡೆಗೆ ಹೋದರು. ಮನೆಯಲ್ಲಿ ಉಳಿದವರು ಅಣ್ಣ ತಂಗಿ ಇಬ್ಬರೇ. ಬಚ್ಚಲಿಗೆ ಬೀಳುವ ನೀರು ಕಡಿಮೆಯಾಯಿತು, ಪೈಪಿನ ಸುತ್ತ ನೆಲ ಒಣಗಿತು. ಪಂದ್ಯದ ನಡುವೆ ಯಂತ್ರ ಫಕ್ಕನೆ ಆರಿಹೋಗತೊಡಗಿತು.

ನನಗೆ ಕಾರಣ ಗೊತ್ತಿತ್ತು. ಗೊತ್ತಿದ್ದೂ ನಾನು ಹದಿನೈದು ದಿನ ನಡೆಸಿದ ನಾಟಕ ನೆನೆಸಿಕೊಂಡರೆ ಈಗ ಅಸಹ್ಯವಾಗುತ್ತದೆ. ರ‍್ಯಾಮು ತೆಗೆದು ಒರೆಸಿ ಹಾಕಿದೆ. ಒಂದೊಂದೇ ರ‍್ಯಾಮಿನಲ್ಲಿ ಓಡಿಸಿ ನೋಡಿದೆ. ಬೋರ್ಡಿನ ಸಾಫ್ಟ್‌ವೇರನ್ನು ಮತ್ತೆ ಏರಿಸಿದೆ. ನನ್ನ ಅಂಗಡಿಯಲ್ಲಿದ್ದ ಬೇರೆ ಪವರ್ ಸಪ್ಲೈ ಹಾಕಿದೆ. ಯು.ಪಿ.ಎಸ್. ನಿಮಿಷಕ್ಕೆ ಹತ್ತು ಸಲ ಬ್ಯಾಟರಿಗೆ ಹಾರಿ ಹಾರಿ ಸೊರಗಿಹೋಗಿತ್ತು, ಅದಕ್ಕೆ ಹೊಸ ಬ್ಯಾಟರಿ ತಂದೆ. ಅಂಗಡಿಗೆ ಹೊತ್ತು ತಂದು ಓಡಿಸಿದರೆ ಯಂತ್ರ ಇಡೀ ದಿನ ಕಮಕ್ ಕಿಮಕ್ ಅನ್ನುತ್ತಿರಲಿಲ್ಲ. ಓಡದೆ ಏನು?

ಅಣ್ಣ ತಂಗಿಯನ್ನೇ ಬೈದ. ದಿನವಿಡೀ ಹಾಕಿಕೊಂಡು ಕೂತರೆ ಸುಡದೆ ಇನ್ನೇನು ಎಂದ. ಅವಳು ನನ್ನ ಕಡೆ ನೋಡಿದಳು, ನಾನಾದರೂ ಹಾಗಲ್ಲ ಎನ್ನಲಿ ಎಂದು. ನಾನು ಸ್ಕ್ರೂಡ್ರೈವರ್ ಹುಡುಕುತ್ತಿದ್ದೆ.

ಒಂದು ಬೆಳಿಗ್ಗೆ ಅವಳೇ ಫೋನ್ ಮಾಡಿದಳು. "ಅಣ್ಣಾ, ಒಂದು ವಿಚಿತ್ರ ಹೇಳ್ತೀನಿ, ನಗಬ್ಯಾಡಿ. ನಾನು ತಲೆಗೆ ನೀರು ಹಾಕ್ಕಂಡು ಬಂದ ಮ್ಯಾಲೆ ಒಂದು ಗಂಟೆ ಸರಿಯಾಗಿ ನಡೀತೈತೆ. ಮೂರು ದಿನ ನೋಡಿದೀನಿ."

ಪಾಸಾದ ಇಂಜಿನಿಯರಿಗೂ ಹೊಳೆಯದ್ದನ್ನು ಆ ಹುಡುಗಿ ಒಬ್ಬಳೇ ಕೂತು ಕಂಡುಕೊಂಡಿದ್ದಳು. ಇನ್ನು ಒಂದು ಹೆಜ್ಜೆ ಮುಂದಿಟ್ಟಿದ್ದರೆ ಪೈಪಿನ ಹತ್ತಿರವೇ ಹೋಗಿ ನಿಲ್ಲುತ್ತಿದ್ದಳು. ಸ್ನಾನಕ್ಕೂ ಕಂಪ್ಯೂಟರಿಗೂ ಎಲ್ಲಿಯ ಸಂಬಂಧ, ಕಾಕತಾಳೀಯ ಎಂದು ನಾನು ಹೇಳಿದೆ. ಅವಳು ನನ್ನನ್ನು ನಂಬಿದಳು. ಈ ಇಡೀ ಕತೆಯಲ್ಲಿ ನಾನು ಮಾಡಿದ ಅತ್ಯಂತ ಕೆಟ್ಟ ಕೆಲಸ ಅದೇ.

ನಾಲ್ಕನೇ ವಾರ ಕಾರ್ಡನ್ನೇ ಬಿಚ್ಚಿಕೊಂಡು ಸಿರಾಕ್ಕೆ ಹೋದೆ. ಅಲ್ಲಿ ಚಿಪ್ ಮಟ್ಟದ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ನಾನು ಕೆಲಸ ಕಲಿಯುವಾಗ ಸಂಶಯ ಬಂದರೆ ಅವರಲ್ಲಿಗೇ ಹೋಗುತ್ತಿದ್ದೆ. ಒಂದು ದಿನ ಇಟ್ಟುಕೊಂಡು ನೋಡಿ ಮರುದಿನ ಕರೆದರು. ಕಾರ್ಡಿಗೆ ಏನೂ ಆಗಿಲ್ಲ, ಅದು ಕೂತಿರುವ ಮನೆಯ ಕರೆಂಟ್ ನೋಡು ಎಂದರು. ನೋಡಿದ್ದೇನೆ ಎಂದೆ.

ಅವರು ಕನ್ನಡಕ ಹಣೆಗೇರಿಸಿ ನನ್ನ ಮುಖ ನೋಡಿದರು. "ನೋಡಿದ್ದು ಸರಿ ಭಾಯ್. ನೋಡಿ ಅವರಿಗೆ ಏನು ಹೇಳಿದ್ರಿ?"

ನಾನು ಕಾರ್ಡನ್ನು ಡಬ್ಬಕ್ಕೆ ಹಾಕಿಕೊಂಡೆ. ವಾಪಸು ಬರುವ ಬಸ್ಸಿನಲ್ಲಿ ತೀರ್ಮಾನ ಮಾಡಿದೆ, ಇವತ್ತೇ ಹೇಳಿಬಿಡಬೇಕು, ಹುಡುಗಿಯ ಎದುರಿಗೇ ಹೇಳಬೇಕು. ಒಬ್ಬನನ್ನೇ ಕರೆದು ಹೇಳಿದರೆ ನಾನು ಮತ್ತೆ ಮಾತು ತಿರುಗಿಸುತ್ತೇನೆ ಎಂದು ನನಗೇ ಗೊತ್ತಿತ್ತು. ಮಧುಗಿರಿಯಲ್ಲಿ ಇಳಿದು ಅಂಗಡಿಗೆ ಹೋಗದೆ ಬೈಕ್ ತೆಗೆದುಕೊಂಡು ನೇರ ಅವರ ಊರಿಗೆ ಹೋದೆ.

ಅಣ್ಣ ಜಗಲಿಯ ಮೇಲೆ ಮೋಟಾರ್ ಕಾಯಿಲ್ ಸುತ್ತುತ್ತಾ ಕೂತಿದ್ದ. ಹುಡುಗಿ ಬಾಗಿಲಲ್ಲಿದ್ದಳು. ಯಂತ್ರದಲ್ಲಿ ದೋಷವಿಲ್ಲ, ನ್ಯೂಟ್ರಲ್ ನೆಲಕ್ಕೆ ಕಟ್ಟಿರುವುದೇ ದೋಷ ಎಂದೆ. ಬಚ್ಚಲ ಕಡೆ ಕೈ ತೋರಿಸಿದೆ. ಹಾರೆ ಚುಚ್ಚಿ ಅಳೆದದ್ದನ್ನೂ ಹೇಳಿದೆ.

ಅವನು ತಂತಿ ಕೆಳಗಿಡಲಿಲ್ಲ. "ಅವತ್ತು ಮಾವನೋರ ಮುಂದೆ ಚೆನ್ನಾಗೈತೆ ಅಂದೋನು ನೀನೇ ಅಲ್ವೇನ್ಲಾ?" ಅಂದ. "ಇವತ್ತು ನಿನ್ ಡಬ್ಬ ಓಡಲ್ಲ ಅಂತ ನನ್ ಕೆಲ್ಸದ ಮ್ಯಾಲೆ ಹಾಕ್ತೀಯಾ?"

ಅವನ ಮಾತಿನಲ್ಲಿ ತಪ್ಪೇನಿತ್ತು? ಅವತ್ತೇ ಹೇಳಿದ್ದರೆ ಒಂದು ಗಳಿಗೆ ಮುಖ ಸಣ್ಣದು ಮಾಡಿಕೊಂಡು, ಸಂಜೆಯೊಳಗೆ ಸರಿ ಮಾಡುತ್ತಿದ್ದ. ಕೆಲಸಗಾರ ಅವನು. ಈಗ ಹೇಳಿದ್ದು ಅವನಿಗೆ ಮೋಸವಾಗಿಯೇ ಕೇಳಿಸಿತು.

ಹುಡುಗಿ ಮಾತ್ರ ಅಣ್ಣನ ಕಡೆ ನೋಡಲೇ ಇಲ್ಲ. "ಕೂರಿಸಿದ ದಿನವೇ ನಿಮಗೆ ಗೊತ್ತಿತ್ತಾ?" ಎಂದು ನನ್ನನ್ನು ಕೇಳಿದಳು.

"ಗೊತ್ತಿತ್ತಮ್ಮ."

"ಸ್ನಾನದ ವಿಷ್ಯ ಹೇಳ್ದಾಗಲೂ?"

ಹೌದೆಂದೆ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ನಾನೇ ಇಬ್ಬರು ಆಳು ಕರೆದುಕೊಂಡು ಹೋದೆ. ಮನೆಯಿಂದ ದೂರಕ್ಕೆ ಆಳದ ಗುಂಡಿ ತೆಗೆಸಿ, ಇದ್ದಿಲು, ಉಪ್ಪು ಪದರ ಪದರವಾಗಿ ತುಂಬಿಸಿ, ತಾಮ್ರದ ತಗಡು ಹೂಳಿಸಿ ಬೇರೆ ಅರ್ತಿಂಗ್ ಮಾಡಿದೆ. ಕಂಬದ ನ್ಯೂಟ್ರಲ್ಲಿಗೆ ಲೈನ್‌ಮನ್ನನ್ನು ಹಿಡಿದು ತಂದು ಹೊಸ ಕ್ಲಾಂಪ್ ಹಾಕಿಸಿದೆ, ಪ್ಲಗ್ಗಿನೊಳಗಿನ ತುಂಡು ವೈರು ಕಿತ್ತೆಸೆದೆ. ಅಣ್ಣ ಅಷ್ಟು ಹೊತ್ತೂ ಜಗಲಿಯಲ್ಲೇ ಕೂತು ಕಾಯಿಲ್ ಸುತ್ತಿದ. ಸಂಜೆ ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ಟಿಗೆ ಕೈಯಿಟ್ಟೆ. ಜುಮ್ಮೆನ್ನಲಿಲ್ಲ. ಅವತ್ತಿನಿಂದ ಆ ಯಂತ್ರ ಒಂದು ಸಲವೂ ಆರಿಲ್ಲ.

ಆದರೆ ಆ ಹೊತ್ತಿಗೆ ಅವಳು ಹನ್ನೊಂದು ಪಂದ್ಯಗಳ ನಡುವೆ ಕಾಣೆಯಾಗಿದ್ದಳು. ಐದು ಜನ ಆಡುವ ಆಟದಲ್ಲಿ ಒಬ್ಬರು ಮಾಯವಾದರೆ ಉಳಿದ ನಾಲ್ವರೂ ಸೋಲುತ್ತಾರೆ. ಕೋಚ್ ಒಳ್ಳೆಯ ಮಾತಿನಲ್ಲೇ ಹೇಳಿದರಂತೆ, ನಿನ್ನ ಕೈ ಚೆನ್ನಾಗಿದೆ, ಆದರೆ ನೀನು ಇರುತ್ತೀಯೋ ಇಲ್ಲವೋ ಎಂದು ಉಳಿದವರು ಹೆದರಿಕೊಂಡು ಆಡುತ್ತಿದ್ದಾರೆ ಎಂದು. ಕೊನೆಯ ಎರಡು ವಾರ ಅವಳು ಚೆನ್ನಾಗಿಯೇ ಆಡಿದಳು. ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ.

ಅಣ್ಣ ನನ್ನ ಅಂಗಡಿಗೆ ಬರುವುದು ನಿಲ್ಲಿಸಿದ. ಅವನ ಸ್ನೇಹ ಉಳಿಸಿಕೊಳ್ಳಲೆಂದೇ ನಾನು ಸುಮ್ಮನಿದ್ದದ್ದು, ಅದೂ ಉಳಿಯಲಿಲ್ಲ.

ತಿಂಗಳ ಮೇಲೆ ಹುಡುಗಿ ಒಬ್ಬಳೇ ಬಂದಳು. ಮತ್ತೆ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು, ಅವತ್ತು ರಜೆ. ಯಂತ್ರವನ್ನು ಮಾರಿಕೊಡಿ ಎಂದಳು. ಇನ್ನೊಂದು ತಂಡ ಸಿಗಬಹುದು, ಇಟ್ಟುಕೋ ಎಂದೆ. ಅದು ಎದುರಿಗಿದ್ದರೆ ನಿದ್ದೆ ಬರುವುದಿಲ್ಲ ಎಂದಳು. ನಾನು ಒಪ್ಪಿಕೊಂಡೆ. ಪಾವಗಡದ ತಿರುಮಣಿಯಲ್ಲಿ ಮದುವೆ ವಿಡಿಯೋ ಮಾಡುವ ಸ್ಟುಡಿಯೋದವರೊಬ್ಬರು ಬೇಕೆಂದರು. ಎಡಿಟಿಂಗಿಗೆ ಅಂಥ ಪ್ರೊಸೆಸರು ಅವರಿಗೆ ಹೇಳಿ ಮಾಡಿಸಿದ ಹಾಗಿತ್ತು. ಕೂರಿಸಲು ನಾನೇ ಅಲ್ಲಿಗೆ ಹೋದೆ. ಮೊದಲು ಮೀಟರ್ ತೆಗೆದೆ. ಊರಾಚೆ ಕಣ್ಣು ಹಾಯುವ ತನಕ ಸೋಲಾರ್ ಹಲಗೆ, ಸ್ಟುಡಿಯೋದ ಪ್ಲಗ್ಗಿನಲ್ಲಿ ಅರ್ತೇ ಇರಲಿಲ್ಲ. ಹಾಗೆಂದು ಅವರಿಗೆ ಹೇಳಿದೆ, ಇದನ್ನು ಸರಿ ಮಾಡಿಸುವ ತನಕ ಯಂತ್ರ ಹಾಕಬೇಡಿ ಎಂದೆ.

"ಅವುನಾ ಸಾರ್? ಸರೆ, ನಾಳೆನೇ ಮಾಡಿಸ್ತೀನಿ ಬಿಡ್ರಿ" ಎಂದು ಅವರು ಟೀ ತರಿಸಿದರು. ಅಷ್ಟೇ. ಬೇಜಾರಿಲ್ಲ, ಮುನಿಸಿಲ್ಲ.

ದುಡ್ಡು ತೆಗೆದುಕೊಳ್ಳಲು ಹುಡುಗಿ ಅಂಗಡಿಗೆ ಬಂದ ದಿನ, ಯಂತ್ರ ಸರಿಯಾಗಿ ನಡೆಯುತ್ತಿದೆಯೇ ಎಂದು ಕೇಳಿದಳು. ನಡೆಯುತ್ತಿದೆ ಎಂದೆ. ಅಲ್ಲಿ ಅರ್ತಿಂಗ್ ನೋಡಿದಿರಾ ಎಂದಳು. ನೋಡಿದೆ, ಇರಲಿಲ್ಲ, ಹೇಳಿ ಮಾಡಿಸಿದೆ ಎಂದೆ. ಹೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತೆಂದು ಕಾಣುತ್ತದೆ. ಪಾಠ ಕಲಿತಿದ್ದೇನೆಂದು ಅವಳಿಗೆ ತೋರಿಸಬೇಕಿತ್ತು.

ಅವಳು ದುಡ್ಡನ್ನು ಬ್ಯಾಗಿಗೆ ಹಾಕಿಕೊಂಡಳು. ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದಳು.

"ಗುರುತಿಲ್ದೋರಿಗೆ ಅದನ್ನ ಹೇಳಕ್ಕೆ ಎಷ್ಟೊತ್ತಾಯ್ತಣ್ಣ?"

"ಎರಡು ನಿಮಿಷ" ಅಂದೆ.

ಅವಳು ತಲೆಯಾಡಿಸಿ ಬ್ಯಾಗಿನ ಜಿಪ್ಪು ಎಳೆದುಕೊಂಡು ಹೋದಳು.